ಅವ್ವನ ಬಾಯಿಗೆ ಅಳತೆ

ಟೈಲರ್ ಅಂಗಡಿಗೆ ಬರೋರು ಬರೀ ಬಟ್ಟೆ ತರಲ್ಲ, ಜೊತೆಗೊಂದು ಪ್ರಸಂಗಾನೂ ತರ್ತಾರೆ. ಚಳ್ಳಕೆರೇಲಿ ನಾನು ಬ್ಲೌಸ್ ಹೊಲಿಯೋಕೆ ಕುಂತು ಇಪ್ಪತ್ತು ವರ್ಷದ ಮೇಲಾತು, ನಗೋಕೆ ಅಂತ ಒಂದಿನಾನೂ ಟೀವಿ ಹಾಕಿಲ್ಲ. ಹಳೇ ಬ್ಲೌಸ್ ಅಳತೆಗೆ ಕೊಟ್ಟು, "ಇದರಂಗೇ ಹೊಲೀರಿ, ಆದ್ರೆ ಇದರಂಗೆ ಬ್ಯಾಡ" ಅನ್ನೋರು ದಿನಕ್ಕೆ ಇಬ್ರಾದ್ರೂ ಸಿಗ್ತಾರೆ. ಅದ್ರಲ್ಲೂ ಕೊರೋನಾ ಕಾಲದಾಗೆ ಆದ ಪ್ರಸಂಗಗಳ ಲೆಕ್ಕವೇ ಬೇರೆ. ಅವನ್ನ ಹೇಳೋವಾಗ ನಗೂ ಬರ್ತೈತೆ, ಎದೇನೂ ಒಂದು ಇಂಚು ಉಬ್ಬುತೈತೆ. ಟೈಲರ್ ಅಲ್ವಾ, ಹೆಮ್ಮೇನೂ ಇಂಚಲ್ಲೇ ಹೇಳ್ತೀನಿ.

೧. ದ್ಯಾವ್ರ ದೀಪ

ಮಾಸ್ಕು ಇನ್ನೂ ಹೊಸದಾಗಿದ್ದ ದಿನಗಳು. ಬ್ಲೌಸಿನ ಚೂರುಬಟ್ಟೆಗಳನ್ನೆಲ್ಲ ಮಾಸ್ಕ್ ಮಾಡಿ ಅಂಗಡಿ ಮುಂದೆ ದಾರಕ್ಕೆ ನೇತಾಕಿದ್ದೆ. ನಮ್ಮ ಹೆಣ್ಮಕ್ಳೇನು ಕಡಿಮೆನಾ? ಒಬ್ಬಾಕೆ ಸೀರೆಗೆ ಮ್ಯಾಚಿಂಗ್ ಬೇಕು ಅಂದ್ಲು. ಇನ್ನೊಬ್ಬಾಕೆ ಅಂಚಿಗೆ ಪೈಪಿಂಗ್ ಇಡಿಸಿದ್ಲು. ಮತ್ತೊಬ್ಬಾಕೆ ಕಿವಿ ಹತ್ರ ಗೊಂಡೆ ಬೇಕೇಬೇಕು ಅಂತ ಹಟ ಹಿಡಿದ್ಲು. ಬ್ಯಾಡ ಅನ್ನೋಕೆ ನಾನ್ಯಾರು, ಹೊಲಿದು ಕೊಟ್ಟೆ.

ಒಂದಿನ ಮಧ್ಯಾಹ್ನ ಒಬ್ಬ ಮೇಡಮ್ಮೋರು ಬಂದ್ರು. ಮೈಸೂರು ಕಡೆಯೋರು. ಉಳ್ಳಾರ್ತಿ ಕಾವಲ್ ಕಡೆ ಹೊಸ ಕಟ್ಟಡಗಳು ಎದ್ದಾವಲ್ಲ, ಅಲ್ಲೊಂದು ಲ್ಯಾಬಿನಾಗೆ ಕೆಲಸ. ನನ್ನ ಮಾಸ್ಕ್‌ಗಳನ್ನ ಒಂದೊಂದೇ ಬೆಳಕಿಗೆ ಹಿಡಿದು ನೋಡಿದ್ರು. ಆಮೇಲೆ, "ಇದನ್ನ ಹಾಕ್ಕೊಂಡು ಒಂದು ದೀಪ ಊದಿ ನೋಡ್ತೀರಾ?" ಅಂದ್ರು.

ಅಂಗಡೀಲಿ ದೀಪ ಅಂತ ಇದ್ದಿದ್ದು ದ್ಯಾವ್ರ ಪಟದ ಮುಂದಿಂದು ಒಂದೇ. ಅದನ್ನೇ ತಂದು ನನ್ನ ಮುಂದೆ ಇಟ್ರು. ನನ್ನ ಹೊಲಿಗೇನ ಪರೀಕ್ಷೆ ಮಾಡ್ತಾರಲ್ಲ ಅಂತ ನಂಗೂ ರೋಷ ಬಂತು. ಗೊಂಡೆ ಮಾಸ್ಕ್ ಹಾಕ್ಕಂಡು ಉಫ್ ಅಂದೆ. ದೀಪ ಆರೇ ಹೋತು.

"ಅಯ್ಯಯ್ಯೋ!" ಅಂತ ತಲೆ ಮೇಲೆ ಕೈ ಇಟ್ಕಂಡೆ.

"ಬೇಜಾರಾಗ್ಬೇಡಿ. ಹೊಲಿಗೆ ಚೆನ್ನಾಗಿದೆ, ಬಟ್ಟೆ ತೆಳುವಾಯ್ತು ಅಷ್ಟೇ" ಅಂದ್ರು.

"ಹೊಲಿಗೆ ಹಾಳಾಗ್ಲಿ ಮೇಡಮ್! ದ್ಯಾವ್ರ ದೀಪಾನ ಬಾಯಿಂದ ಊದಿ ಆರಿಸಿಬಿಟ್ನಲ್ಲ. ಎಂಜಲು ತಾಕ್ತಲ್ಲ!"

"ಮಾಸ್ಕ್ ಹಾಕ್ಕೊಂಡಿದ್ರಲ್ಲ, ಆದ್ರೂ ತಾಕ್ತು ಅಂತೀರಾ?"

"ತಾಕದೇ ಏನು? ಬಾಯಿಂದ ಗಾಳಿ ಬಂತು ಅಂದ್ಮೇಲೆ ಅದ್ರ ಜೊತೆ ಎಂಜಲೂ ಬಂತು. ಕಣ್ಣಿಗೆ ಕಾಣದಿದ್ರೂ ಎಂಜಲು ಎಂಜಲೇ."

ಮೇಡಮ್ಮೋರು ಸ್ಟೂಲ್ ಎಳಕಂಡು ಕುಂತೇಬಿಟ್ರು. "ಅಮ್ಮಾ, ಇಷ್ಟನ್ನೇ ಹೇಳೋಕೆ ನಾನು ಚಿತ್ರ ಸಮೇತ ನಲವತ್ತು ಪುಟ ಬರೆದಿದೀನಿ!"

೨. ವದ್ದು

ಹಂಗೆ ನಾನು ಲ್ಯಾಬಿನ ಟೈಲರ್ ಆದೆ. ಮಾತಾಡುವಾಗ, ಹಾಡುವಾಗ ಬಾಯಿಂದ ಕಣ್ಣಿಗೆ ಕಾಣದಂಥ ಸಣ್ಣ ಹನಿ ಹಾರ್ತಾವಂತೆ, ಗಾಳೀಲಿ ತೇಲ್ತಾವಂತೆ. ಮೆಲ್ಲಗೆ ಮಾತಾಡಿದ್ರೆ ಕಮ್ಮಿ, ಜೋರಾಗಿ ಹಾಡಿದ್ರೆ ಜಾಸ್ತಿ. ಯಾವ ಥರದ ಮಾಸ್ಕ್ ಅದನ್ನ ಎಷ್ಟು ತಡೀತೈತೆ ಅಂತ ನೋಡೋದು ಮೇಡಮ್ಮೋರ ಕೆಲಸ. ಅವರು ಚಿತ್ರ ಬರೆದು ಕೊಡ್ತಾರೆ, ನಾನು ಹೊಲಿದು ಕೊಡ್ತೀನಿ.

ಅದೇ ಹೊತ್ತಿಗೆ ನನ್ನ ಮಗಳ ಮದುವೆ ಗೊತ್ತಾತು. ಗಂಡಿನ ಕಡೆಯೋರು ಮೊಳಕಾಲ್ಮೂರಿನವರು, ಮನೇಲೇ ಮಗ್ಗ ಇಟ್ಕಂಡು ರೇಷ್ಮೆ ಸೀರೆ ನೇಯೋರು. ಬೀಗರು ಚಿನ್ನದಂಥಾ ಮನುಷ್ಯ. ಆದ್ರೆ ಅವರ ಹೆಂಡ್ತಿಗೆ ಉಬ್ಬಸ, ಅದಕ್ಕೇ ಬೀಗರು ಕೊರೋನಾ ಅಂದ್ರೆ ಜೀವ ಕೈಯಲ್ಲಿ ಹಿಡ್ಕಂಡಿದ್ರು. ಅಂಗಡಿಯಿಂದ ತಂದಿದ್ದನ್ನೆಲ್ಲ ಸಾಬೂನು ನೀರಲ್ಲಿ ತೊಳೆಯೋರು. ಒಂದ್ಸಲ ಕಡ್ಡಿಪೆಟ್ಟಿಗೇನೂ ತೊಳೆದು, ಅವತ್ತು ಬೆಳಗ್ಗೆ ಅವರ ಮನೇಲಿ ಒಲೆ ಹತ್ತಲಿಲ್ಲ.

ಅವರ ಮನೇಲಿ ಅರ್ಧ ಕನ್ನಡ, ಅರ್ಧ ತೆಲುಗು. ಒಂದಿನ ಬೀಗರು ಫೋನ್ ಮಾಡಿದ್ರು. "ಮದುವೆ ನಿಮ್ಮ ಮನೆ ಮುಂದೇ ಆಗ್ಲಿ ಅಮ್ಮಾ. ಜನ ಕಮ್ಮಿ ಇರ್ಲಿ. ಎಲ್ಲಾ ಒಪ್ಪಿಗೆ. ಹಾಡು ಮಾತ್ರ ವದ್ದು."

ನಮ್ಮವ್ವ ಪಕ್ಕದಲ್ಲೇ ಇದ್ಲು, ಫೋನ್ ಸ್ಪೀಕರಲ್ಲಿತ್ತು. ನನ್ನವ್ವ ಅಂದ್ರೆ ನಮ್ಮೂರು ನನ್ನಿವಾಳದಾಗೆ ಸೋಬಾನೆ ಹಾಡೋರ ಮುಂದಾಳು. ಅವಳು ಹಾಡದೆ ಆ ಊರಲ್ಲಿ ಒಂದು ಹೆಣ್ಣಿಗೂ ಅರಿಶಿನ ಹಚ್ಚಿದ್ದಿಲ್ಲ. ತೆಲುಗಿನ 'ವದ್ದು' ಅಂದ್ರೆ 'ಬ್ಯಾಡ' ಅಂತ ಅವಳಿಗೆ ಚೆನ್ನಾಗಿ ಗೊತ್ತು. ಆದ್ರೂ ಬೇಕಂತಲೇ ಕಿವಿ ಹತ್ರ ಕೈ ಇಟ್ಕಂಡು ಕೇಳಿದ್ಲು.

"ಏನಂದ ಬೀಗ? ಹಾಡನ್ನ ಒದ್ದನಾ? ಒದೀಲಿ ಬಿಡು, ನಂಗೂ ಎರಡು ಕಾಲು ಅದಾವೆ ಅಂತ ಹೇಳು."

ಬಾಯಲ್ಲಿ ಹಂಗಂದ್ಲು. ಆದ್ರೆ ಅವತ್ತು ಮುದ್ದೆ ಮುರಿದು ತಟ್ಟೇಲೇ ಬಿಟ್ಟು ಎದ್ಲು. "ಊರೋರ ಮಕ್ಕಳಿಗೆಲ್ಲ ಹಾಡಿ, ನನ್ನ ಮೊಮ್ಮಗಳ ಹಸೆ ಮುಂದೆ ಮೂಗಿ ಥರ ಕುಂದ್ರಬೇಕಾ?" ಅಂದ್ಲು. ಹಾಡು ಹೊರಗೆ ಬರಬೇಕು, ಎಂಜಲು ಒಳಗೇ ಉಳೀಬೇಕು, ಅದನ್ನ ಬೀಗರು ಕಣ್ಣಾರೆ ನೋಡ್ಬೇಕು. ಅಂಥಾ ಮಾಸ್ಕ್ ಹೊಲಿದೇ ಹೊಲೀತೀನಿ ಅಂತ ಅವತ್ತೇ ನಿರ್ಧಾರ ಮಾಡಿದೆ.

"ಮಾಸ್ಕೋ ಗೀಸ್ಕೋ" ಅಂತ ಅವ್ವ ಮುಖ ತಿರುವಿದ್ಲು. ನಾನು ಹಾಡು ಕಲೀಲಿಲ್ಲ, ಕತ್ತರಿ ಹಿಡಿದೆ ಅನ್ನೋ ಸಿಟ್ಟು ಅವಳಿಗೆ ಚಿಕ್ಕಂದಿನಿಂದ್ಲೂ ಐತೆ. "ಹಾಡು ಅಂದ್ರೆ ಓಡಿ ಹೋಗ್ತಿದ್ದೋಳು ಈಗ ಹಾಡಿಗೇ ಬ್ಲೌಸ್ ಹೊಲೀತಾಳಂತೆ!"

೩. ಎಂಜಲು

ಲ್ಯಾಬಿಗೆ ಹಾಡೋರು ಬೇಕಾಗಿದ್ರು. ಅವ್ವನ್ನೂ ಅವಳ ಜೊತೆ ಹಾಡೋ ಮೂರು ಜನಾನೂ ಕರಕಂಡು ಹೋದೆ. ಮೇಡಮ್ಮೋರು ಕೈ ಮುಗಿದು, "ನೀವು ಹಾಡುವಾಗ ಬಾಯಿಂದ ಹೊರಬರುವ ಸೂಕ್ಷ್ಮ ಕಣಗಳನ್ನ..." ಅಂತ ಶುರು ಮಾಡಿದ್ರು. ನಾಲ್ಕು ಜನಾನೂ ನನ್ನ ಮುಖ ನೋಡಿದ್ರು. ನಾನು ಜಾಣೆ, ಒಂದೇ ಮಾತಲ್ಲಿ ಬಿಡಿಸಿ ಹೇಳಿದೆ: "ನಿಮ್ಮ ಹಾಡಿನಾಗೆ ಎಂಜಲು ಎಷ್ಟೈತೆ ಅಂತ ನೋಡ್ತಾರಂತೆ."

ಅವ್ವ ಸೆರಗು ಕೊಡವಿ ಎದ್ದು ನಿಂತ್ಲು. "ಏನಂದೆ? ದ್ಯಾವ್ರ ಪದ ಎಂಜಲಾ? ನಡೀರೇ ಹೋಗಾನ!"

ನಾಲ್ಕು ಜನಾನೂ ಬಾಗಿಲ ಹತ್ರ ಹೋಗಿಬಿಟ್ಟಿದ್ರು. ಅಡ್ಡ ನಿಂತು ಬೇಡ್ಕಂಡೆ. "ಅವ್ವಾ, ದ್ಯಾವ್ರ ಎಡೆ ಮಾಡೋವಾಗ ನೀನು ಬಾಯಿಗೆ ಬಟ್ಟೆ ಕಟ್ಕಂತೀಯ. ಎಡೆ ಎಂಜಲು ಅಂತ ಕಟ್ಕಂತೀಯಾ? ಎಡೆಗೆ ಎಂಜಲು ತಾಕಬಾರ್ದು ಅಂತ ತಾನೇ? ಇದೂ ಅಷ್ಟೇ."

ಅವ್ವ ಯೋಚನೆ ಮಾಡಿದ್ಲು. "ಹಂಗಾದ್ರೆ ಮಡಿ ಅನ್ನು. ಮೊದ್ಲೇ ಮಡಿ ಅಂದಿದ್ರೆ ಆಗ್ತಿರಲಿಲ್ವಾ?" ಅಂತ ಬಂದು ಕುಂತ್ಲು.

ಕತ್ತಲೆ ಕೋಣೆ. ಅದ್ರಾಗೆ ಹಸಿರು ಬೆಳಕಿನದೊಂದು ತೆಳು ಪರದೆ. ಆ ಬೆಳಕಿಗೆ ಕಣ್ಣು ಕೆಡಬಾರ್ದು ಅಂತ ಅವ್ವನಿಗೆ ಇಷ್ಟಗಲದ ಕಪ್ಪು ಕನ್ನಡಕ ಹಾಕಿದ್ರು. ಅವಳು ಮಾಸ್ಕಿಲ್ಲದೆ ಒಂದು ನುಡಿ ಹಾಡಿದ್ಲು. ಆಮೇಲೆ ಅದನ್ನ ಕಂಪ್ಯೂಟರಲ್ಲಿ ತೋರಿಸಿದ್ರು. ಬೆಳಕಿಂಡಿ ಬಿಸಿಲಲ್ಲಿ ಧೂಳು ಮಿಂಚಲ್ವಾ, ಹಂಗೆ ಅವ್ವನ ಬಾಯಿಂದ ಸಾವಿರ ಚುಕ್ಕಿ ಹಾರಿ, ಪರದೆಯ ಆ ತುದಿ ದಾಟಿ ಹೋದ್ವು. ಅವ್ವ ಉಸಿರು ಬಿಡದೆ ನೋಡಿದ್ಲು. ನಾಚಿಕೆ ಆತೇನೋ ಪಾಪ ಅಂತ ನಾನು ಅಂದ್ಕಂಡೆ.

"ಇದೆಲ್ಲಾ ನಂದಾ?" ಅಂತ ಕೇಳಿದ್ಲು.

"ಹೌದಮ್ಮ, ನಿಮ್ದೇ" ಅಂದ್ರು ಮೇಡಮ್ಮೋರು.

ಅವ್ವ ಜೊತೆಯೋರ ಕಡೆ ತಿರುಗಿ, "ನೋಡ್ರೇ, ಎಲ್ಲಿಗಂಟ ಹೋಗೈತೆ! ನಿಮ್ಮದ್ಯಾರದಾದ್ರೂ ಹೋಗ್ತೈತಾ?" ಅಂದ್ಲು.

ಕೆಟ್ಟಿದ್ದೇ ಅಲ್ಲಿ. ಆ ಮೂವರಿಗೂ ಪಂದ್ಯದ ಹುಮ್ಮಸ್ಸು ಬಂತು. ಒಬ್ಬಳಿಗಿಂತ ಒಬ್ಬಳು ಜೋರಾಗಿ ಹಾಡಿದ್ರು. ಮಾಸ್ಕ್ ಹಾಕಿದ್ಮೇಲೆ ಇನ್ನೂ ಜೋರು, ಮಾಸ್ಕ್ ತಡೀತೈತಲ್ಲ ಅಂತ. ಮೇಡಮ್ಮೋರು ಲೆಕ್ಕ ನೋಡಿ ಕಂಗಾಲಾದ್ರು, ಮಾಸ್ಕ್ ಹಾಕಿದ್ರೆ ಕಮ್ಮಿ ಆಗ್ಬೇಕು, ಇಲ್ಲಿ ಜಾಸ್ತಿ ಆಗ್ತಾ ಐತೆ! "ಅಮ್ಮಾ, ಕಮ್ಮಿ ಬಂದಷ್ಟೂ ಒಳ್ಳೇದು" ಅಂತ ಎಷ್ಟು ಹೇಳಿದ್ರೂ ಅವ್ವ ಒಪ್ಪಲಿಲ್ಲ.

"ಕಮ್ಮಿ ಬಂದೋರಿಗೆ ಫಸ್ಟ್ ಪ್ರೈಜಾ? ಯಾವ ಊರ ನ್ಯಾಯ ಮೇಡಮ್ ಇದು?"

೪. ಮುಚ್ಚಿದ ಬಾಯಿ

ಪಂದ್ಯ ನಿಲ್ಲಿಸಿ, ಎಲ್ಲಾರೂ ಒಂದೇ ಎತ್ತರಕ್ಕೆ ಹಾಡೋ ಹಂಗೆ ಮಾಡಿದ್ಮೇಲೆ ನಿಜವಾದ ತೊಂದ್ರೆ ಕಾಣಿಸ್ತು. ಮಾತಿಗೆ ಆಗೋ ಮಾಸ್ಕ್ ಹಾಡಿಗೆ ಆಗಲ್ಲ. ಹಾಡೋಳು ಬಾಯಿ ದೊಡ್ಡದಾಗಿ ತೆಗೀತಾಳೆ, ಗದ್ದ ಕೆಳಗಿಳೀತೈತೆ, ಅದ್ರ ಜೊತೆ ಮಾಸ್ಕೂ ಮೂಗಿಂದ ಜಾರ್ತೈತೆ. ಮೂಗಿನ ಹತ್ರ, ಕೆನ್ನೆ ಹತ್ರ ಸಂದು ಬೀಳ್ತೈತೆ, ಆ ಸಂದೀಲಿ ಹನಿ ಎಲ್ಲಾ ಮೇಲಕ್ಕೆ ಹಾರ್ತಾವೆ. ಬಿಗಿ ಮಾಡಿದ್ರೆ ಬಟ್ಟೆ ಬಾಯಿಗೆ ಅಂಟಿ ಮಾತು ತೊದಲ್ತೈತೆ. ಮೇಡಮ್ಮೋರು ಕೊಕ್ಕಿನ ಥರದ್ದು, ಮಡಿಕೆ ಥರದ್ದು ಅಂತ ಬರೆದು ಕೊಟ್ಟಿದ್ದನ್ನೆಲ್ಲ ಹೊಲಿದೆ. ಅವ್ವ ಎಲ್ಲಾನೂ ಎರಡು ನುಡಿಗೆ ಗದ್ದದ ಮೇಲೆ ಇಳಿಸ್ತಿದ್ಲು.

ಒಂದಿನ ಅಂಗಡೀಲಿ ಒಬ್ಬಾಕೆ ಹೊಸ ಬ್ಲೌಸ್ ಹಾಕಿ ನೋಡ್ತಾ ಕೈ ಮೇಲೆತ್ತಿದ್ಲು. ಬ್ಲೌಸ್ ಮೇಲಕ್ಕೆ ಹೋಗಲಿಲ್ಲ. ಯಾಕಂದ್ರೆ ಕಂಕುಳಲ್ಲಿ ನಾನು ಒಂದು ಚೂರು ಬಟ್ಟೆ ಬಿಟ್ಟಿದ್ದೆ. ತಕ್ಷಣ ಹೊಳೀತು ನೋಡ್ರಿ! ಗದ್ದ ಅಂದ್ರೆ ಮುಖದ ಕಂಕುಳು. ಅಲ್ಲೂ ಬಟ್ಟೆ ಬಿಡಬೇಕು. ಬಾಯಿ ಮುಂದೆ ಬಟ್ಟಲಿನಂಥಾ ಎರಡು ತುಂಡು ಕತ್ತರಿಸಿ ಜೋಡಿಸಿ, ಒಳಗೆ ಗಟ್ಟಿ ಬಕ್ರಂ ಬಟ್ಟೆ ಇಟ್ರೆ ಬಟ್ಟೆ ತುಟಿಗೆ ಅಂಟಲ್ಲ. ಮೂಗಿನ ಮೇಲೆ ತಂತಿ, ತಲೆ ಹಿಂದೆ ಬ್ಲೌಸಿನ ಥರಾನೇ ಕಟ್ಟೋ ದಾರ.

ಅದಕ್ಕೆ ಎರಡು ಅಳತೆ ಬೇಕು. ಬಾಯಿ ತೆಗೆದಾಗ ಒಂದು, ಮುಚ್ಚಿದಾಗ ಒಂದು. ಅವ್ವನ್ನ ಕುಂದ್ರಿಸಿ ಟೇಪ್ ಹಿಡಿದೆ. ತೆಗೆದ ಬಾಯಿದು ತಕ್ಷಣ ಸಿಕ್ತು.

"ಈಗ ಮುಚ್ಚವ್ವಾ."

"ಮುಚ್ಚಿದೀನಿ ತಗ. ಅಲ್ವೇ, ಆ ಬೀಗ ಏನಂದ ಮತ್ತೆ?"

"ಮಾತಾಡಬ್ಯಾಡ, ಮುಚ್ಚು."

"ಮುಚ್ಚಿದೀನಿ ಅಂತ ಹೇಳ್ತಾನೇ ಇದೀನಲ್ಲೇ!"

ಹಿಂಗೇ ಅರ್ಧ ಗಂಟೆ ಆತು. ಮಧ್ಯಾಹ್ನ ಉಂಡು ಮಲಗಿದಾಗ ತಗಳ್ಳಾನ ಅಂತ ಟೇಪ್ ಹಿಡ್ಕಂಡು ಮೆಲ್ಲಗೆ ಹೋದೆ. ಗೊರಕೆ ಹೊಡೀತಿದ್ಲು, ಬಾಯಿ ಬಾಗಿಲಂಗೆ ತೆರೆದಿತ್ತು. ಕೊನೆಗೆ ಅಂದಾಜಲ್ಲೇ ಕತ್ತರಿಸಿದೆ. ಇಪ್ಪತ್ತು ವರ್ಷದ ಕೈ, ತಪ್ಪಲಿಲ್ಲ.

ಹಸಿರು ಬೆಳಕಲ್ಲಿ ಅವ್ವ ಅದನ್ನ ಹಾಕ್ಕಂಡು ಪೂರ್ತಿ ಹಾಡು ಹಾಡಿದ್ಲು. ಮಾಸ್ಕ್ ಒಂದು ನೂಲೂ ಜಾರಲಿಲ್ಲ. ಕಂಪ್ಯೂಟರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ ಬಿಟ್ರೆ ಬರೀ ಕತ್ತಲೆ. ಮಾತು ಮಾತ್ರ ಸ್ಪಷ್ಟ. ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಲ್ಲ, ನನ್ನ ಮಗಳು ಹುಟ್ಟಿದಾಗ ಆದಷ್ಟೇ ಖುಷಿ ಆತು.

"ಈ ಕಟಿಂಗ್ ನಿಮಗೆ ಎಲ್ಲಿಂದ ಹೊಳೀತು?" ಅಂತ ಮೇಡಮ್ಮೋರು ಕೇಳಿದ್ರು. ಲ್ಯಾಬಿನ ಗಂಡಸರೂ ಅಲ್ಲೇ ಇದ್ರಲ್ಲ, ಅದಕ್ಕೇ ಮೇಡಮ್ಮೋರ ಕಿವೀಲಿ ಹೇಳಿದೆ: "ಕಟೋರಿ ಬ್ಲೌಸು ಮೇಡಮ್. ಎದೆಗೆ ಎರಡು ಬಟ್ಟಲು ಇಟ್ಟು ಹೊಲೀತೀವಲ್ಲ, ಅದೇ." ಅವರು ನಕ್ಕು ನಕ್ಕು ಅವರ ಮಾಸ್ಕೇ ಗದ್ದಕ್ಕೆ ಬಂತು. ಬರ್ದೇ ಏನು, ಅದು ನಾನು ಹೊಲಿದಿದ್ದಲ್ಲ.

೫. ಹನ್ನೊಂದು

ಬೀಗರನ್ನ ಕರೆಸಿದೆ. ಮೊಳಕಾಲ್ಮೂರಿಂದ ಬೈಕಲ್ಲಿ ಬಂದ್ರು, ಎರಡು ಮಾಸ್ಕ್ ಹಾಕ್ಕಂಡು, ಕೈಗೆ ಗ್ಲೌಸ್ ಹಾಕ್ಕಂಡು. "ನೀವೇ ಒಳಗೆ ಕುಂತು ನೋಡ್ರಿ ಬೀಗ್ರೇ. ಮೊದ್ಲು ಮಾಸ್ಕಿಲ್ಲದೆ ಒಂದರಿಂದ ಇಪ್ಪತ್ತರಗಂಟ ಜೋರಾಗಿ ಎಣಿಸ್ಬೇಕು, ಆಮೇಲೆ ನನ್ನ ಮಾಸ್ಕ್ ಹಾಕ್ಕಂಡು" ಅಂದೆ.

ಅವರು ಗಾಜಿನ ಬಾಗಿಲ ಆಚೆ, ನಾವು ಈಚೆ. ದನಿ ಕೇಳ್ತಿರಲಿಲ್ಲ, ಬರೀ ಅವರು ಎಣಿಸ್ತಾ ಮಡಚೋ ಬೆರಳೂ ಹಾರೋ ಚುಕ್ಕೀನೂ ಕಾಣ್ತಿದ್ವು. ಒಂಬತ್ತರಗಂಟ ಎಲ್ಲರಂಗೇ ಇತ್ತು. ಹತ್ತಕ್ಕೆ ಬಂದ್ರು, ಪಟಾಕಿ ಹೊಡೆದಂಗೆ ಒಂದು ಗುಂಪು ಚುಕ್ಕಿ ಹಾರಿದ್ವು. ಹನ್ನೊಂದಕ್ಕೆ ಇನ್ನೊಂದು. ಹನ್ನೆರಡು, ಹದಿಮೂರು, ಎಲ್ಲದಕ್ಕೂ ಪಟ್ ಪಟ್ ಅಂತ. ಇಪ್ಪತ್ತಕ್ಕೆ ಮತ್ತೆ ತಣ್ಣಗಾತು.

ಮೇಡಮ್ಮೋರು ಹುಬ್ಬು ಗಂಟಿಕ್ಕಿದ್ರು. "ಇಷ್ಟು ಜನ ಎಣಿಸಿದಾರೆ, ಯಾರಿಗೂ ಹಿಂಗೆ ಬಂದಿಲ್ಲ. ಮಿಷಿನ್ ಕೆಟ್ಟಿರ್ಬೇಕು." ಬಿಚ್ಚಿದ್ರು, ಒರೆಸಿದ್ರು, ಮತ್ತೆ ಜೋಡಿಸಿದ್ರು. ಬೀಗರು ಮತ್ತೆ ಎಣಿಸಿದ್ರು. ಮತ್ತೆ ಹತ್ತಕ್ಕೆ ಪಟಾಕಿ ಶುರು. ಈ ಮನುಷ್ಯ ಇದನ್ನ ನೋಡಿ ಹೆದರಿ, ಮದುವೇನೇ ವದ್ದು ಅಂದ್ರೆ?

ಗಾಜಿನ ಹತ್ರ ಹೋಗಿ ಹಸಿರು ಬೆಳಕಲ್ಲಿ ಅವರ ತುಟಿ ನೋಡಿದೆ. ಹತ್ತು ಅನ್ನೋಕೆ ತುಟಿ ಕೂಡಲ್ಲ. ಇವರ ತುಟಿ ಕೂಡಿ ಕೂಡಿ ಬಿಡ್ತಾವೆ. ಬಾಗಿಲು ಚೂರು ತೆಗೆದು ಕೇಳಿದೆ.

"...ಪದಿ, ಪದಕೊಂಡು, ಪನ್ನೆಂಡು, ಪದಮೂಡು..."

"ಮೇಡಮ್, ಮಿಷಿನ್ ಕೆಟ್ಟಿಲ್ಲ! ಬೀಗರು ತೆಲುಗಲ್ಲಿ ಎಣಿಸ್ತಾ ಇದಾರೆ!" ಅಂತ ಕೂಗಿದೆ. "ನಾವು ಹತ್ತು, ಹನ್ನೊಂದು ಅಂತ 'ಹ' ಅಂತೀವಿ. ಅವರು ಎಲ್ಲಾದಕ್ಕೂ 'ಪ' ಅಂತಾರೆ. 'ಪ' ಅಂದ್ರೆ ತುಟಿ ಮುಚ್ಚಿ ಉಗೀಬೇಕಲ್ಲ!"

ಮೇಡಮ್ಮೋರು ತಾವೂ ಬಾಗಿಲಿಗೆ ಕಿವಿ ಕೊಟ್ಟು ಕೇಳಿದ್ರು. ಆಮೇಲೆ ಪುಸ್ತಕ ತಗಂಡು ಬರಕಂಡ್ರು. ಲ್ಯಾಬಿನಾಗೆ ನಾನು ಹೇಳಿದ್ದು, ಓದಿದೋರು ಬರಕಂಡಿದ್ದು! ಅವತ್ತು ನಂಗೆ ಊಟಾನೇ ಬ್ಯಾಡಾಗಿತ್ತು.

ಬೀಗರು ಹೊರಗೆ ಬಂದು, "ಅಲಾ ಕಾದಮ್ಮಾ, ಹಂಗಲ್ಲ, ಮಗ್ಗದ ಎಳೆ ಎಣಿಸೋದು ಚಿಕ್ಕಂದಿನಿಂದ ತೆಲುಗಲ್ಲೇ. ಕನ್ನಡದಲ್ಲಿ ಎಣಿಸಿದ್ರೆ ಎಳೆ ತಪ್ಪತೈತೆ" ಅಂದ್ರು. ಆಮೇಲೆ ನನ್ನ ಮಾಸ್ಕ್ ಹಾಕ್ಕಂಡು ಅದೇ ತೆಲುಗಲ್ಲೇ ಎಣಿಸಿದ್ರು. ಒಂದು 'ಪ'ನೂ ಹೊರಗೆ ಬರಲಿಲ್ಲ. ಮೂರು ಸಲ ಹಾಕಿ ನೋಡಿದ್ರು, ಅವ್ವ ಹಾಡಿದ್ದನ್ನೂ ನೋಡಿದ್ರು. "ಸರಿ, ಅವ್ವಾರು ಹಾಡ್ಲಿ. ಆದ್ರೆ ಮೇಲಿನ ಬಟ್ಟೆ ನಮ್ಮ ಮಗ್ಗದ ರೇಷ್ಮೇದೇ ಆಗ್ಬೇಕು" ಅಂದ್ರು. ಒಳಗೆ ಎರಡು ಪದರ ಹತ್ತಿಬಟ್ಟೆ ಇದ್ರೆ ಆತು ಅಂತ ಮೇಡಮ್ಮೋರೂ ಒಪ್ಪಿದ್ರು.

ನಾನು ಸುಮ್ನಿರಬೇಕಾ? "ಏನೇ ಹೇಳ್ರಿ ಬೀಗ್ರೇ, ಕನ್ನಡದಾಗೆ ಎಂಜಲು ಕಮ್ಮಿ" ಅಂದೆ.

ಬೀಗರು ಬಾಗಿಲಲ್ಲೇ ನಿಂತು ತಿರುಗಿದ್ರು. "ಮೇಡಮ್, ಇಪ್ಪತ್ತಕ್ಕೇ ಯಾಕೆ ನಿಲ್ಲಿಸಿದ್ರಿ? ನಮ್ಮ ಇರವೈಗೆ 'ಪ' ಇಲ್ಲ, ಡೆಬ್ಬೈಗೂ ಇಲ್ಲ. ಇವರನ್ನ ಕುಂದ್ರಿಸಿ ಇಪ್ಪತ್ತು, ಎಪ್ಪತ್ತು ಅನ್ನಿಸ್ರಿ, ಎಪ್ಪತ್ತೊಂದರಿಂದ ಎಪ್ಪತ್ತೊಂಬತ್ತರಗಂಟ ಬಿಡಬ್ಯಾಡ್ರಿ!"

೬. ಸೋಬಾನೆ

ಮದುವೆ ದಿನ ನನ್ನಿವಾಳದ ನಮ್ಮ ಮನೆ ಮುಂದೆ ಸಣ್ಣ ಚಪ್ಪರ. ಎರಡೂ ಕಡೆ ಸೇರಿ ಕೈಬೆರಳಲ್ಲಿ ಎಣಿಸೋ ಅಷ್ಟು ಜನ. ಬೀಗರ ಹೆಂಡ್ತೀನ ಗಾಳಿ ಬರೋ ಕಡೆ, ದೂರದಲ್ಲಿ ಕುರ್ಚಿ ಹಾಕಿ ಕುಂದ್ರಿಸಿದ್ವಿ. ಮೇಡಮ್ಮೋರೂ ಬಂದಿದ್ರು. ಹಸೆ ಮೇಲೆ ನನ್ನ ಮಗಳು ಕುಂತ್ಲು.

ಅವ್ವ ಬಂದ್ಲು. ನೇರಳೆ ರೇಷ್ಮೆ, ಜರಿ ಅಂಚು, ನಾನು ಹೊಲಿದ ಕಟೋರಿ ಮಾಸ್ಕ್. ಎಲ್ಲರೂ ಮದುಮಗಳನ್ನ ಬಿಟ್ಟು ಅವಳನ್ನೇ ನೋಡಿದ್ರು. ಅವಳು ದನಿ ಎತ್ತಿದ್ಲು. ಮದುಮಗಳ ಹಾಡು, ಅರಿಶಿನದ ಹಾಡು, ಒಂದೊಂದು ಅಕ್ಷರಾನೂ ಕಡೇ ಕುರ್ಚೀಗಂಟ ಕೇಳ್ತು. ಮಾಸ್ಕ್ ಕದಲಲಿಲ್ಲ. ಬೀಗರ ಹೆಂಡ್ತಿ ದೂರದಿಂದ್ಲೇ ಕಣ್ಣು ಒರೆಸಿಕೊಂಡ್ರು. ಬೀಗರು ತಲೆದೂಗಿ, "ಚೂಡು, ನೋಡು, ನಮ್ಮ ರೇಷ್ಮೆ!" ಅಂತ ಪಕ್ಕದೋರಿಗೆ ಹೇಳ್ಕಂತಿದ್ರು.

ಸೋಬಾನೆ ಮುಗಿದ್ಮೇಲೆ ಬೀಗರನ್ನ ಹಾಸ್ಯ ಮಾಡಿ ಹಾಡೋದು ನಮ್ಮ ಕಡೆ ಪದ್ಧತಿ. ಅದು ಬೀಗರಿಗೆ ಮರೆತೇ ಹೋಗಿತ್ತು. ಅವ್ವನಿಗೆ ಮರೆಯುತ್ತಾ? ವದ್ದು ಅಂದ ದಿನದಿಂದ ಈ ಹಾಡು ಕಟ್ತಾ ಇದ್ಲಲ್ಲ.

"ಸೀರೆ ನೇಯೋ ಬೀಗ ಸಾಬೂನು ಸಾಲ್ದಂತೆ
ಸೋಸಿ ಸೋಸಿ ತೊಳೆದಾನ | ನಮ್ಮ ಬೀಗ
ಕಡ್ಡಿಪೆಟ್ಟೀಗೆ ನೆನೆಸ್ಯಾನ ||"

ಚಪ್ಪರವೆಲ್ಲಾ ನಗು. ಬೀಗರು ಕೆಂಪಗಾದ್ರು. ಅವ್ವ ಬಿಡಲಿಲ್ಲ.

"ಹತ್ತು ಬೆರಳಿನ ಬೀಗ ಹನ್ನೊಂದು ಅನಲಾರ
ಪದಕೊಂಡು ಅಂತ ಪುಸುಗುಟ್ಟಿ | ನಮ್ಮ ಬೀಗ
ಮಿಷಿನೀಗೆ ಮೈಲಿಗೆ ಮಾಡ್ಯಾನ ||"

ಬೀಗರ ಹೆಂಡ್ತಿ ನಗ್ತಾ ನಗ್ತಾ ಕುರ್ಚಿ ಹಿಡ್ಕಂಡ್ರು. ಮೇಡಮ್ಮೋರು ಮತ್ತೆ ಪುಸ್ತಕ ತೆಗೆದ್ರು. ಬೀಗರು ತಡೀಲಾರದೆ ಎದ್ದು ನಿಂತು, ತಮ್ಮ ಮಾಸ್ಕ್ ಕೆಳಗೆಳೆದು, "ಅವ್ವಾರ ಮಾಸ್ಕ್ ಹೊಲಿದೋರು ಎಲ್ಲಮ್ಮಾ? ಮೊದ್ಲು ಅವರನ್ನ ಕರೀರಿ!" ಅಂದ್ರು.

ಅವ್ವ ಹಾಡು ನಿಲ್ಲಿಸಿದ್ಲು. ನನ್ನ ಕೈ ಹಿಡಿದು ಎಲ್ಲರ ಮುಂದೆ ಎಳಕಂಡ್ಲು. "ಹೊಲಿದೋಳು ನನ್ನ ಮಗಳು. ನನ್ನ ಹಾಡು ನಿಂತು ಹೋಗ್ತಿತ್ತು, ಇವಳು ನಿಲ್ಲಕೆ ಬಿಡಲಿಲ್ಲ. ಮೊದ್ಲು ನಿಮ್ಮ ಮಾಸ್ಕ್ ಏರಿಸ್ರಿ ಬೀಗ್ರೇ, ಪದಕೊಂಡು ಹಾರ್ತಾ ಐತೆ!"

ಇಷ್ಟು ವರ್ಷದಲ್ಲಿ ನನ್ನ ಕತ್ತರೀನ ಅವಳು ಹೊಗಳಿದ್ದು ಅದೇ ಮೊದಲು.

ಬೀಗರು ಮಾಸ್ಕ್ ಏರಿಸಿ, ನನ್ನ ಮುಂದೆ ಎರಡೂ ಕೈ ಮುಗಿದ್ರು. "ಎಂಜಲು ನಿಲ್ಲಿಸೋ ಮಾಸ್ಕ್ ಹೊಲಿದ್ರಿ, ನಿಮ್ಮಷ್ಟು ಜಾಣರಿಲ್ಲ, ಒಪ್ತೀನಿ. ಈ ಅವ್ವಾರ ಬಾಯಿ ನಿಲ್ಲಿಸೋ ಮಾಸ್ಕ್ ಯಾವಾಗ ಹೊಲೀತೀರಿ ತಾಯಿ?"

"ಅದಕ್ಕೆ ಅವ್ವನ ಮುಚ್ಚಿದ ಬಾಯಿ ಅಳತೆ ಬೇಕು ಬೀಗ್ರೇ," ಅಂದೆ. "ಅದೊಂದು ಇನ್ನ ಸಿಕ್ಕಿಲ್ಲ."